ಅರ್ಧ ರೇಟಿನ ಎಂಜೈಮ್ ಪುಡಿ, ನೀಲಿಯಾದ ಜೇಬು

ಬಳ್ಳಾರಿ ಜೀನ್ಸ್ ನೋಡುತ್ತಾ ಬೆಳೆದವನು ನಾನು. ಈಗ ಮುಂಬೈ ಹತ್ತಿರ ಉಲ್ಲಾಸನಗರದಲ್ಲಿ ಜೀನ್ಸ್ ಒಗೆದು ಮಾಸಲು ಲುಕ್ ಕೊಡುವ ಸಣ್ಣ ವಾಷಿಂಗ್ ಯೂನಿಟ್ ನಡೆಸುತ್ತಿದ್ದೇನೆ. ಹೋದ ತಿಂಗಳು ಮಸ್ಜಿದ್ ಬಂದರಿನ ಒಂದು ಕೆಮಿಕಲ್ ಅಂಗಡಿಯಿಂದ 25 ಕಿಲೋ ಸೆಲ್ಯುಲೇಸ್ ಪುಡಿ ತಂದೆ, ಹತ್ತಿ ನಾರಿನ ಮೇಲ್ಪದರ ತಿಂದು ಬಣ್ಣ ಬಿಡಿಸುವ ಎಂಜೈಮ್ ಅದು. ಹಳೆ ಮಾಲಿನ ಅರ್ಧ ರೇಟು. ಅರ್ಧ ರೇಟು ಅಂದ್ರೆ ಅನುಮಾನ ಬರಲೇಬೇಕು, ಅಲ್ವಾ?

ಆದರೆ ಕಲಬೆರಕೆ ಏನೂ ಇರಲಿಲ್ಲ. ಇದು ಟ್ರೈಕೋಡರ್ಮಾ ರೀಸಿ ಅನ್ನೋ ಬೂಷ್ಟಿನಿಂದ ಬರುವ ಎಂಜೈಮ್. ಎರಡನೇ ಮಹಾಯುದ್ಧದಲ್ಲಿ ಸಾಲೊಮನ್ ದ್ವೀಪಗಳಲ್ಲಿ ಅಮೆರಿಕ ಸೈನ್ಯದ ಹತ್ತಿ ಡೇರೆಗಳನ್ನು ತಿಂದು ಹಾಕಿದ್ದು ಇದೇ ಜಾತಿ. ಬಟ್ಟೆ ಹಾಳು ಮಾಡಿದ ಕಳ್ಳನನ್ನೇ ಹಿಡಿದು ತಂದು, ತಳಿ ತಿದ್ದಿ, ಜೀನ್ ಬದಲಿಸಿ, ಒಂದು ಲೀಟರಿಗೆ 100 ಗ್ರಾಂ ದಾಟಿ ಪ್ರೋಟೀನ್ ಕೊಡುವ ಮಟ್ಟಕ್ಕೆ ತಂದಿದ್ದಾರೆ. ಎಂಜೈಮನ್ನು ಅದು ತಾನೇ ಹೊರಗೆ ಬಿಡುತ್ತದೆ, ಬೂಷ್ಟು ಸೋಸಿ ತೆಗೆದರೆ ಆಯ್ತು. ಅದಕ್ಕೇ ಅಗ್ಗ.

ಕೆಲಸ ಚುರುಕು. 55 ಡಿಗ್ರಿ, ಪಿಎಚ್ 5, ಮುಕ್ಕಾಲು ಗಂಟೆಯಲ್ಲಿ ಒಳ್ಳೆ ಫೇಡ್, ಅಂದ್ರೆ ಮಾಸಲು ಬಣ್ಣ ಬಂತು. ಮೊದಲು ಇದೇ ಫೇಡಿಗೆ ಪ್ಯೂಮಿಸ್ ಅನ್ನೋ ಹಗುರ ಕಲ್ಲು ಹಾಕುತ್ತಿದ್ದಾಗ ಡ್ರಮ್ ಸವೆಯುತ್ತಿತ್ತು, ಜೇಬಿನಿಂದ ಕಲ್ಲಿನ ಚೂರು ಹೆಕ್ಕೋಕೇ ಇಬ್ಬರು ಬೇಕಿತ್ತು. ಆ ಕಾಟ ತಪ್ಪಿತು.

ಅಷ್ಟರಲ್ಲಿ ನಮ್ಮ ಮಾಸ್ಟರ್, ಯಾದಗಿರಿ ಕಡೆಯವನು, ಒಂದು ಪೀಸ್ ಒಳಗಡೆ ತಿರುಗಿಸಿ ತಂದ. "ಅಣ್ಣಾ, ಕಿಸೆ ಎಲ್ಲಾ ನೀಲಿ ಆಗ್ಯಾವ ನೋಡ್ರಿ." ಬಿಳಿ ಜೇಬಿನ ಬಟ್ಟೆ ಆಕಾಶದ ಬಣ್ಣಕ್ಕೆ ತಿರುಗಿತ್ತು. ನಾನು ತಂದದ್ದು ಹುಳಿ ನೀರಿನಲ್ಲಿ ಕೆಲಸ ಮಾಡುವ ಆಸಿಡ್ ಸೆಲ್ಯುಲೇಸ್. ಅದರ ಗುಣವೇ ಅದು, ಬಿಟ್ಟ ಇಂಡಿಗೋ (ಜೀನ್ಸಿನ ನೀಲಿ ಬಣ್ಣ) ಮತ್ತೆ ಬಟ್ಟೆಗೇ ಅಂಟುತ್ತದೆ. ಹುಳಿ ಬೇಡದ ನ್ಯೂಟ್ರಲ್ ಸೆಲ್ಯುಲೇಸಿನಲ್ಲಿ ಈ ಗೋಳು ಕಡಿಮೆ, ಆದರೆ ರೇಟು ಜಾಸ್ತಿ, ಕೆಲಸ ನಿಧಾನ. ಅಂಗಡಿಯವನನ್ನು ಕೇಳಿದ್ದೆ, "ಎರಡೂ ಒಂದೇ" ಅಂದಿದ್ದ. ಒಂದೇ ಅಂತೆ!

ಇನ್ನೊಂದು ತಪ್ಪು ನನ್ನದೇ. ವಾಷ್ ಮುಗಿದ ಮೇಲೆ ಸೋಡಾ ಆಶ್ ಹಾಕಿ 80 ಡಿಗ್ರಿಯಲ್ಲಿ ಹತ್ತು ನಿಮಿಷ ಓಡಿಸಿ ಎಂಜೈಮನ್ನು ಸಾಯಿಸಬೇಕು. ಗ್ಯಾಸ್ ಉಳಿಸೋಣ ಅಂತ ಒಂದು ಲಾಟಿಗೆ ಬಿಟ್ಟೆ, ಒದ್ದೆ ಮಾಲು ರಾತ್ರಿಯಿಡೀ ಹಾಗೇ ಬಿದ್ದಿತ್ತು. ಬೆಳಿಗ್ಗೆ ತೊಡೆಯ ಹತ್ತಿರ ಹಿಡಿದು ಜಗ್ಗಿದರೆ ಪರ್ ಅಂತ ಹರಿಯಿತು. ಡೇರೆ ತಿಂದ ಜಾತಿ, ನನ್ನ ಪ್ಯಾಂಟು ಬಿಡುತ್ತದಾ?

ಈ ಪುಡಿಗೆ ಐದಕ್ಕೆ ಮೂರೂವರೆ ಅಂಕ ಕೊಡ್ತೀನಿ. ಗಾಢ ಬಣ್ಣದ ಜೇಬಿರುವ ಲಾಟಿಗೆ ಮತ್ತೆ ಇದೇ ತರ್ತೀನಿ, ಬಿಳಿ ಜೇಬಿಗೆ ನ್ಯೂಟ್ರಲ್. ಚೀಲ ಬಿಚ್ಚುವಾಗ ಮಾಸ್ಕ್ ಹಾಕ್ಕೊಳ್ಳಿ, ಧೂಳು ಮೂಗಿಗೆ ಹೋದರೆ ಅಲರ್ಜಿ, ದಮ್ಮು ಬರಬಹುದು. ಸುಮ್ನೆ ಚೀಲಕ್ಕೆ ಕೈ ಹಾಕಿದ ಮಾಸ್ಟರ್ ಸಂಜೆವರೆಗೂ ಸೀನುತ್ತಲೇ ಇದ್ದ.