ತುಮಕೂರಿನ ಸಿನಿಮಾ ಬಳಗದಲ್ಲಿ 1968ರ ಫ್ರಾನ್ಸ್: ಚರ್ಚೆ ಗಟ್ಟಿ, ಪ್ರೊಜೆಕ್ಷನ್ ಸಡಿಲ

ತುಮಕೂರಿನ ಬಿ.ಎಚ್. ರಸ್ತೆಯ ಆಸುಪಾಸಿನ ಸಭಾಂಗಣವೊಂದರಲ್ಲಿ ತಿಂಗಳಿಗೊಂದು ಭಾನುವಾರ ಸಂಜೆ ಸೇರುವ ಸಿನಿಮಾ ಬಳಗ ಈ ಸಲ ಫ್ರಾನ್ಸಿನ ರಾಜಕೀಯ ಚಿತ್ರಗಳನ್ನು ಕೈಗೆತ್ತಿಕೊಂಡಿದೆ. ಎಲ್ಲವೂ 1967ರಿಂದ 1972ರ ನಡುವಿನವು, ಅಂದರೆ 1968ರ ಮೇ ತಿಂಗಳ ವಿದ್ಯಾರ್ಥಿ ಬಂಡಾಯ, ಕಾರ್ಮಿಕ ಮುಷ್ಕರಗಳ ಆಸುಪಾಸಿನವು. ಮನೆಯಲ್ಲಿ ಒಬ್ಬರೇ ಮೊಬೈಲಿನಲ್ಲಿ ಹಾಕಿಕೊಂಡರೆ ಕಾಲು ಗಂಟೆಯಲ್ಲಿ ಕೈಬಿಡುವಂಥ ಚಿತ್ರಗಳಿವು. ನಾಲ್ಕು ಜನ ಜೊತೆಗೆ ಕೂತು, ನಿಲ್ಲಿಸಿ, ಮತ್ತೆ ಹಾಕಿ, ವಾದ ಮಾಡಿದಾಗಲೇ ಬಾಯಿ ಬಿಡುತ್ತವೆ. ಆ ಕೆಲಸವನ್ನು ಈ ಬಳಗ ಬೆಂಗಳೂರಿನ ಎಷ್ಟೋ ಕಡೆಗಿಂತ ಚೆನ್ನಾಗಿ ಮಾಡುತ್ತಿದೆ.

ಮೊದಲು ಹತ್ತು ನಿಮಿಷದ ಪೀಠಿಕೆ ಇರುತ್ತದೆ. ಅದರಲ್ಲಿ ಕಥೆ ಹೇಳುವುದಿಲ್ಲ, ಆ ವರ್ಷ ಫ್ರಾನ್ಸಿನಲ್ಲಿ ಏನು ನಡೆದಿತ್ತು ಎಂಬುದಷ್ಟೇ. ಚಿತ್ರ ಮುಗಿದ ಮೇಲೆ ಟೀ. ಆಮೇಲೆ ಒಂದೇ ಒಂದು ದೃಶ್ಯವನ್ನು ಎರಡು ಸಲ ಹಾಕುತ್ತಾರೆ. ಒಮ್ಮೆ ದನಿ ಪೂರ್ತಿ ಮುಚ್ಚಿ ಚಿತ್ರ ಮಾತ್ರ, ಇನ್ನೊಮ್ಮೆ ಪ್ರೊಜೆಕ್ಟರಿನ ಬೆಳಕು ಮುಚ್ಚಿ ದನಿ ಮಾತ್ರ. ಮಾತಾಡುವವರಿಗೆ ಮೂರು ನಿಮಿಷ. ಮಾತು ಒಂದು ಶಾಟ್‌ನಿಂದಲೇ ಶುರುವಾಗಬೇಕು. 'ಬಂಡವಾಳಶಾಹಿ ವ್ಯವಸ್ಥೆಯಲ್ಲಿ...' ಎಂದು ಭಾಷಣಕ್ಕಿಳಿದರೆ ನಡೆಸುವವರು 'ಯಾವ ಶಾಟ್ ಸಾರ್?' ಎಂದು ಕೇಳುತ್ತಾರೆ. ಈ ಒಂದು ಪ್ರಶ್ನೆಯಿಂದಲೇ ಚರ್ಚೆ ಊರ ರಾಜಕೀಯಕ್ಕೆ ಜಾರದೆ ಉಳಿದಿದೆ.

ಚಿತ್ರ, ದನಿ ಎರಡನ್ನೂ ಬಿಡಿಸಿ ನೋಡುವ ಈ ಕ್ರಮ ನಿರ್ದೇಶಕರಾದ ಜಾನ್-ಲುಕ್ ಗೊದಾರ್ ಮತ್ತು ಜಾನ್-ಪಿಯೆರ್ ಗೊರಾಂ ರಾಜಕೀಯ ಸಿನಿಮಾಕ್ಕೆಂದು ಸೇರಿ ಕಟ್ಟಿದ 'ಝೀಗಾ ವೆರ್ತೋವ್ ಗುಂಪಿ'ನ ಕಾಲದ ಚಿತ್ರಗಳಿಗೆ ಹೇಳಿ ಮಾಡಿಸಿದಂತಿದೆ. 'ಬ್ರಿಟಿಷ್ ಸೌಂಡ್ಸ್' (1969) ಶುರುವಾಗುವುದೇ ಕಾರು ಕಾರ್ಖಾನೆಯ ಜೋಡಣೆ ಸಾಲಿನುದ್ದಕ್ಕೂ ಕ್ಯಾಮೆರಾ ನಿಧಾನ ಸರಿಯುವ ದೀರ್ಘ ಶಾಟ್‌ನಿಂದ. ದನಿ ಮುಚ್ಚಿದರೆ ಅದು ಕಂಪನಿಯ ಜಾಹೀರಾತಿನ ಹಾಗೆ ಕಾಣುತ್ತದೆ. ಹಳದಿ, ಕೆಂಪು ಬಣ್ಣ, ಚುರುಕು ಕೈಗಳು, ಎಲ್ಲ ಅಚ್ಚುಕಟ್ಟು. ದನಿ ಬಿಟ್ಟ ಕೂಡಲೇ ಕಿವಿ ಕೊರೆಯುವ ಲೋಹದ ಕಿರಿಚು, ಅದರ ಮೇಲೆ ಕಮ್ಯುನಿಸ್ಟ್ ಪ್ರಣಾಳಿಕೆಯ ಸಾಲುಗಳು. ನೋಡುವವರು ಹತ್ತು ನಿಮಿಷದಲ್ಲಿ ಹೊರಗೆ ಓಡಬೇಕೆನ್ನಿಸುವ ಆ ಗದ್ದಲದಲ್ಲೇ ಕಾರ್ಮಿಕರು ದಿನಪೂರ್ತಿ ನಿಂತಿರುತ್ತಾರೆ. ಚಿತ್ರ ಮಾಡಿಸಿದ ಲಂಡನ್ ವೀಕೆಂಡ್ ಟೆಲಿವಿಷನ್ನೇ ಇದನ್ನು ಪ್ರಸಾರ ಮಾಡಲು ಒಪ್ಪಲಿಲ್ಲ.

ಸರಣಿಯ ತೂಕದ ಸಂಜೆ ಮಾತ್ರ ಗೊದಾರ್‌ನದಲ್ಲ, ಸಾಕ್ಷ್ಯಚಿತ್ರಕಾರ ಕ್ರಿಸ್ ಮಾರ್ಕರ್‌ನದು. 1967ರಲ್ಲಿ ಬೆಸಾಂಸೋಂ ಊರಿನ ರೋಡಿಯಾಸೆಟಾ ಜವಳಿ ಕಾರ್ಖಾನೆಯಲ್ಲಿ ಮುಷ್ಕರವಾಯಿತು. ಅದರ ಮೇಲೆ ಮಾರ್ಕರ್, ಮಾರಿಯೋ ಮಾರೆ ಸೇರಿ 'ಅ ಬಿಯಾಂತೋ, ಜೆಸ್ಪೇರ್' ಎಂಬ ಚಿತ್ರ ಮಾಡಿದರು. 1968ರ ಏಪ್ರಿಲ್‌ನಲ್ಲಿ ಅದನ್ನು ಅದೇ ಕಾರ್ಮಿಕರಿಗೆ ತೋರಿಸಿದಾಗ ಅವರು ಚೆನ್ನಾಗಿ ತರಾಟೆಗೆ ತೆಗೆದುಕೊಂಡರು. ಪ್ಯಾರಿಸ್‌ನವರ ಕಣ್ಣಿಗೆ ನಮ್ಮ ಬದುಕು ಹೀಗೆ ಕಂಡಿದೆ, ನಮಗೆ ಹೀಗಿಲ್ಲ ಎಂಬುದು ಅವರ ತಕರಾರಿನ ಸಾರ. ಮಾರ್ಕರ್ ಅದನ್ನು ಒಪ್ಪಿಕೊಂಡ: ನಾವೆಷ್ಟೇ ಒಳ್ಳೆಯ ಮನಸ್ಸಿನಿಂದ ಬಂದರೂ ಹೊರಗಿನವರೇ, ನಿಮ್ಮ ಸಿನಿಮಾ ನೀವೇ ಮಾಡಬೇಕು. ಕಾರ್ಮಿಕರಿಗೆ ಕ್ಯಾಮೆರಾ ಹಿಡಿಯಲು, ಸಂಕಲನ ಮಾಡಲು ಹೇಳಿಕೊಟ್ಟು, ಸೋವಿಯತ್ ನಿರ್ದೇಶಕ ಮೆದ್ವೆದ್ಕಿನ್ ಹೆಸರಿನ 'ಮೆದ್ವೆದ್ಕಿನ್ ಗುಂಪು' ಹುಟ್ಟಿದ್ದು ಹಾಗೆ. ಆ ದಿನದ ವಾಗ್ವಾದದ ದನಿಮುದ್ರಣ 'ಲಾ ಶಾರ್ನಿಯೇರ್' ಎಂಬ ಹೆಸರಿನಲ್ಲಿ ಉಳಿದಿದೆ, ಚಿತ್ರವಿಲ್ಲ, ಬರೀ ದನಿ. ಬಳಗದವರು ಅದನ್ನು ಕತ್ತಲಲ್ಲಿ ಕೇಳಿಸಿ, ಕನ್ನಡದ ಸಾರಾಂಶವನ್ನು ಕೈಗೆ ಕೊಟ್ಟರು. ಸಿನಿಮಾ ಚರ್ಚೆಯೊಂದು ಇನ್ನೊಂದು ಸಿನಿಮಾವನ್ನೇ ಹುಟ್ಟಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗುವುದಿಲ್ಲ.

ಆ ಗುಂಪಿನ ಮೊದಲ ಚಿತ್ರ 'ಕ್ಲಾಸ್ ದ ಲ್ಯೂತ್' (1969). ಯೆಮಾ ಗಡಿಯಾರ ಕಾರ್ಖಾನೆಯ ಸುಜಾನ್ ಜೆದೆ ಎಂಬ ಕಾರ್ಮಿಕಳು ಅದರ ಕೇಂದ್ರ. ಮಾರ್ಕರ್‌ನ ಚಿತ್ರದಲ್ಲಿ ಗಂಡನ ಪಕ್ಕ ಹೆಚ್ಚು ಮಾತಿಲ್ಲದೆ ಕೂತಿದ್ದವಳು ಇಲ್ಲಿ ಕಾರ್ಖಾನೆ ಗೇಟಿನ ಮುಂದೆ ಜನರನ್ನು ಸಂಘಟಿಸುತ್ತಾಳೆ. ಎರಡನ್ನೂ ಒಂದೇ ಸಂಜೆ, ಇದೇ ಕ್ರಮದಲ್ಲಿ ತೋರಿಸಿದ್ದು ಬಹಳ ಸರಿಯಾದ ನಿರ್ಧಾರ. ಎರಡೂ ಸೇರಿ ಒಂದೂವರೆ ಗಂಟೆ ಮೀರುವುದಿಲ್ಲ. ಎಚ್‌ಎಂಟಿ ವಾಚ್ ಕಾರ್ಖಾನೆ ಇದ್ದ ಊರಿನಲ್ಲಿ ಈ ಚಿತ್ರ ನೋಡುವುದೇ ಬೇರೆ. ಕಾರ್ಖಾನೆ ಮುಚ್ಚಿ, ಜಾಗ ಇಸ್ರೋಗೆ ಹೋದರೂ ಕೈಗಡಿಯಾರ ಜೋಡಿಸಿ ಗೊತ್ತಿದ್ದ ಜನ ಇಲ್ಲಿ ಇದ್ದಾರೆ. ದಿನಕ್ಕೆ ಇಷ್ಟು ಪೀಸು ಎಂಬ ಲೆಕ್ಕ, ಮೇಲ್ವಿಚಾರಕರ ಓಡಾಟ, ಯೂನಿಯನ್ ಕೆಲಸ ಮಾಡಿದವರ ಸಂಬಳಕ್ಕೆ ಬೀಳುವ ಕತ್ತರಿ, ಇವನ್ನು ಅಂಥವರಿಗೆ ವಿವರಿಸಬೇಕಾಗಿಲ್ಲ. ಅಂದಿನ ಚರ್ಚೆಯಲ್ಲಿ ಪುಸ್ತಕದ ಮಾತು ಕಡಿಮೆ, ಕೆಲಸದ ಮಾತು ಹೆಚ್ಚು.

ಗೊದಾರ್-ಗೊರಾಂ ಜೋಡಿಯ 'ತೂ ವಾ ಬಿಯಾಂ' (1972) ಹೊಸಬರಿಗೆ ಸುಲಭದ ಬಾಗಿಲು. ಈವ್ ಮೊಂತಾಂ, ಜೇನ್ ಫೋಂಡಾರಂಥ ತಾರೆಯರಿದ್ದಾರೆ, ಸಾಸೇಜ್ ಕಾರ್ಖಾನೆಯ ಮ್ಯಾನೇಜರನನ್ನು ಕಾರ್ಮಿಕರು ಅವನ ಕಚೇರಿಯಲ್ಲೇ ಕೂಡಿಹಾಕುವ ಕಥೆಯೂ ಇದೆ. ಎದುರು ಗೋಡೆ ತೆಗೆದ ಎರಡಂತಸ್ತಿನ ಸೆಟ್ಟಿನಲ್ಲಿ ಎಲ್ಲ ಕೋಣೆಗಳೂ ಒಟ್ಟಿಗೆ ಕಾಣುತ್ತವೆ. ಮ್ಯಾನೇಜರ್, ಯೂನಿಯನ್ ಮುಖಂಡ, ಕಾರ್ಮಿಕರು ಸರದಿಯಲ್ಲಿ ಕ್ಯಾಮೆರಾಕ್ಕೆ ಮುಖ ಕೊಟ್ಟು ಮಾತಾಡುತ್ತಾರೆ. ಯಾರ ಮಾತನ್ನು ಯಾವ ದೂರದಿಂದ ತೋರಿಸಿದ್ದಾರೆ ಎಂದು ನೋಡಲು ಬಳಗದವರು ಹೇಳಿದ್ದು ಉಪಯುಕ್ತವಾಯಿತು. ಗೊದಾರ್‌ನ 'ಲಾ ಶಿನ್ವಾಜ್' (1967) ಬಗ್ಗೆ ಚರ್ಚೆ ತೆಳುವಾಗಿತ್ತು. ರೈಲಿನಲ್ಲಿ ವಿದ್ಯಾರ್ಥಿನಿ ಪಾತ್ರದ ನಟಿ ಆನ್ ವಿಯಾಜೆಮ್‌ಸ್ಕಿ ಎದುರು ಕೂತು ಹಿಂಸೆಯ ದಾರಿ ಬೇಡ ಎನ್ನುವ ಫ್ರಾನ್ಸಿಸ್ ಜಾನ್ಸೊ ನಟನಲ್ಲ, ಅಲ್ಜೀರಿಯಾದ ಸ್ವಾತಂತ್ರ್ಯ ಹೋರಾಟಗಾರರಿಗೆ ಗುಟ್ಟಾಗಿ ನೆರವಾದ ಜಾಲವನ್ನು ನಡೆಸಿದವರು. ಇದನ್ನು ಪೀಠಿಕೆಯಲ್ಲಿ ಹೇಳದಿದ್ದರೆ ಆ ಇಡೀ ದೃಶ್ಯ ಇಬ್ಬರ ಹರಟೆಯಾಗಿಬಿಡುತ್ತದೆ. ಹೇಳಲಿಲ್ಲ.

ಇನ್ನು ತಾಂತ್ರಿಕ ದೋಷಗಳು. ಎಲ್ಲವೂ ದುಡ್ಡಿಲ್ಲದೆ ಸರಿಯಾಗುವಂಥವು. 'ಲಾ ಶಿನ್ವಾಜ್' ಅಗಲ-ಎತ್ತರ 1.37:1 ಅಳತೆಯ ಚಿತ್ರ, ಹೆಚ್ಚುಕಡಿಮೆ ಹಳೆಯ ಟಿವಿಯ ಆಕಾರ. ಪ್ರೊಜೆಕ್ಟರ್ ಅದನ್ನು ಈಗಿನ ಅಗಲ ಟಿವಿಯ 16:9 ಆಕಾರಕ್ಕೆ ಹಿಗ್ಗಿಸಿದ್ದರಿಂದ ಮುಖಗಳೆಲ್ಲ ಅಗಲವಾಗಿದ್ದವು. ಮೆನುವಿನಲ್ಲಿ ಆಸ್ಪೆಕ್ಟ್ 'ಆಟೋ' ಅಥವಾ 'ನಾರ್ಮಲ್' ಇಟ್ಟು, ಎರಡೂ ಬದಿಯ ಕಪ್ಪು ಪಟ್ಟಿಯನ್ನು ಹಾಗೇ ಬಿಡಬೇಕು. ಪರದೆಯ ಕೆಳಅಂಚು ನೆಲದಿಂದ ನಾಲ್ಕಡಿ ಮೇಲಿರಲಿ, ಇಲ್ಲದಿದ್ದರೆ ಮುಂದಿನ ಸಾಲಿನವರ ತಲೆ ಸಬ್‌ಟೈಟಲನ್ನೇ ನುಂಗುತ್ತದೆ.

ಸಬ್‌ಟೈಟಲ್ ತಪ್ಪಿದ್ದು ಇನ್ನೂ ದೊಡ್ಡ ತೊಂದರೆ. 'ತೂ ವಾ ಬಿಯಾಂ' ಶುರುವಿನಲ್ಲಿ ಸರಿಯಿದ್ದು, ಬರುಬರುತ್ತಾ ಮಾತೇ ಒಂದು ಕಡೆ, ಅಕ್ಷರವೇ ಒಂದು ಕಡೆ. ವಿಎಲ್‌ಸಿ ಎಂಬ ವಿಡಿಯೋ ಪ್ಲೇಯರಿನಲ್ಲಿ ಜಿ, ಎಚ್ ಕೀ ಒತ್ತಿ ಸರಿಸುತ್ತಲೇ ಇದ್ದರು. ಅದು ಒಮ್ಮೆಗೆ 50 ಮಿಲಿಸೆಕೆಂಡ್ ಸರಿಸುತ್ತದೆ, ಒಂದೇ ಸಮನಾದ ಅಂತರವಿದ್ದರೆ ಸಾಕು. ಅಂತರ ಬೆಳೆಯುತ್ತಾ ಹೋದರೆ ಕಾರಣ ಬೇರೆ: ಯುರೋಪಿನ ಹಳೆಯ ಡಿವಿಡಿಗಳಲ್ಲಿ ಚಿತ್ರ ಸೆಕೆಂಡಿಗೆ 25 ಫ್ರೇಮ್ ಓಡುತ್ತದೆ, ಸಬ್‌ಟೈಟಲ್ 24ಕ್ಕೆ ಮಾಡಿರುತ್ತಾರೆ. 95 ನಿಮಿಷದ ಚಿತ್ರ 91ಕ್ಕೆ ಮುಗಿಯುತ್ತದೆ, ಕೊನೆಗೆ ಹೆಚ್ಚುಕಡಿಮೆ ನಾಲ್ಕು ನಿಮಿಷದ ವ್ಯತ್ಯಾಸ. 'ಸಬ್‌ಟೈಟಲ್ ಎಡಿಟ್' ಎಂಬ ಉಚಿತ ತಂತ್ರಾಂಶದಲ್ಲಿ ಫ್ರೇಮ್ ರೇಟನ್ನು 24ರಿಂದ 25ಕ್ಕೆ ಬದಲಿಸಿ ಉಳಿಸಿದರೆ ಮುಗಿಯಿತು. ಬಳಗದವರೇ ಮಾಡಿದ ಕನ್ನಡ ಸಬ್‌ಟೈಟಲ್ ಒಂದು ಸಲ ಬರೀ ಚೌಕಗಳಾಗಿ ಬಂತು. ಕಡತವನ್ನು ಕನ್ನಡ ಅಕ್ಷರ ಕೆಡದಂತೆ ಉಳಿಸುವ ಯುಟಿಎಫ್-8 ಸಂಕೇತದಲ್ಲಿ ಉಳಿಸಿ, ವಿಎಲ್‌ಸಿಯಲ್ಲಿ ಕನ್ನಡ ಫಾಂಟ್ ಆರಿಸಿ, ಹಿಂದಿನ ದಿನವೇ ಮೊದಲ, ನಡುವಿನ, ಕೊನೆಯ ಐದೈದು ನಿಮಿಷ ಓಡಿಸಿ ನೋಡಬೇಕು.

ಪ್ರವೇಶಕ್ಕೆ ದುಡ್ಡಿಲ್ಲ, ಬಾಗಿಲ ಬಳಿ ಡಬ್ಬಿ ಇದೆ, ಹಾಕಿ ಬನ್ನಿ. ಟೀ ಹೊತ್ತಿಗೆ ಎದ್ದು ಹೋಗಬೇಡಿ, ಅಸಲಿ ಕಾರ್ಯಕ್ರಮ ಆಮೇಲಿದೆ. ವಿದ್ಯಾರ್ಥಿಗಳಿಗೆ, ಹೆಣ್ಣುಮಕ್ಕಳಿಗೆ ಮೊದಲ ಸರದಿ ಕೊಟ್ಟರೆ ಚರ್ಚೆ ಇನ್ನೂ ಹರಡಿಕೊಳ್ಳುತ್ತದೆ. ಈಗ ಮೊದಲ ಅರ್ಧ ಗಂಟೆ ಹಿರಿಯ ಗಂಡಸರ ಪಾಲಾಗುತ್ತಿದೆ.

ಮುಂದಕ್ಕೆ ಮಾರ್ಕರ್‌ನ 'ಲ ಫೋಂ ದ ಲೇರ್ ಎ ರೂಜ್' (1977) ಹಾಕಬೇಕೆಂಬ ಮಾತಿದೆ. ಮೊದಲ ರೂಪ ನಾಲ್ಕು ಗಂಟೆಯದು, 1993ರಲ್ಲಿ ಮಾರ್ಕರ್ ಅದನ್ನು ಮೂರು ಗಂಟೆಗೆ ಇಳಿಸಿದ. ಆ ಮೂರು ಗಂಟೆಯದನ್ನೇ ತರಿಸಿ. ಅದರಲ್ಲಿ ಎರಡು ಭಾಗಗಳಿವೆ, ಒಂದೊಂದು ಭಾನುವಾರಕ್ಕೆ ಒಂದೊಂದು ಭಾಗ ಇಟ್ಟುಕೊಂಡರೆ ಮಾತಿಗೂ ಹೊತ್ತು ಸಿಗುತ್ತದೆ, ಕೊನೆಯ ಬಸ್ಸೂ ಸಿಗುತ್ತದೆ.