ಅತ್ತಿಗೆಯ ಉಪ್ಪಿನಕಾಯಿ ಅಂಗಡಿಗೆ ಯಾವ ಅನಲಿಟಿಕ್ಸ್? ಮೂರನ್ನೂ ಓಡಿಸಿ ನೋಡಿದೆ

ಶಿರಸಿಯಲ್ಲಿ ನಮ್ಮ ಅತ್ತಿಗೆ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಮುರುಗಲ ಸಿಪ್ಪೆ ಮಾರುತ್ತಾರೆ. ಸೈಟು ಮತ್ತು ಜಾಹೀರಾತು ನನ್ನ ಪಾಲು. ಅವರು ಕೇಳುವುದು ಎರಡೇ ಪ್ರಶ್ನೆ: "ಇವತ್ತು ಎಷ್ಟು ಜನ ಬಂದ್ರು? ಎಲ್ಲಿಂದ ಬಂದ್ರು?"

ಸೈಟಿಗೆ ಬಂದವರನ್ನು ಎಣಿಸುವ ಗೂಗಲ್‌ನ ಹಳೆಯ ಸಾಧನ ಯೂನಿವರ್ಸಲ್ ಅನಲಿಟಿಕ್ಸ್ ಇದ್ದ ಕಾಲದಲ್ಲಿ ಬಸ್ಸಿನಲ್ಲಿ ಕೂತೇ ಉತ್ತರ ಹೇಳುತ್ತಿದ್ದೆ. 2023ರ ಜುಲೈ 1ಕ್ಕೆ ಅದು ಹೊಸ ಲೆಕ್ಕ ಬರೆಯುವುದನ್ನು ನಿಲ್ಲಿಸಿತು. ಮರುವರ್ಷದ ಜುಲೈನಲ್ಲಿ ಹಳೆಯ ಲೆಕ್ಕ ನೋಡುವ ದಾರಿಯೂ ಮುಚ್ಚಿತು. ಎರಡು ವರ್ಷದ ಮಿಡಿ ಸೀಸನ್ನಿನ ವರದಿ ಮಾತ್ರ ಶೀಟಿಗೆ ಇಳಿಸಿಟ್ಟಿದ್ದೆ. ಉಳಿದದ್ದೆಲ್ಲ ಹೋಯ್ತು. ಎಚ್ಚರಿಕೆ ಮೊದಲೇ ಬಂದಿತ್ತು, ಸೋಮಾರಿತನ ನನ್ನದು.

ಆಮೇಲೆ ಒಂದು ಸೀಸನ್ ಪೂರ್ತಿ ಜಿಎ4 (ಗೂಗಲ್ ಅನಲಿಟಿಕ್ಸ್ 4, ಯೂನಿವರ್ಸಲ್ ಜಾಗಕ್ಕೆ ಬಂದದ್ದು), ಅಂಥದೇ ಕೆಲಸ ಮಾಡುವ ಮಟೊಮೊ, ಪ್ಲಾಸಿಬಲ್ ಮೂರನ್ನೂ ಒಂದೇ ಸೈಟಿನ ಮೇಲೆ ಓಡಿಸಿದೆ. ಒಂದೇ ದಿನಕ್ಕೆ ಮೂರೂ ಮೂರು ಲೆಕ್ಕ ಹೇಳುತ್ತಿದ್ದವು. ಮೊದಲ ವಾರ ತಲೆ ಕೆಟ್ಟಿತು, ಆಮೇಲೆ ಅಭ್ಯಾಸವಾಯಿತು. ಎಣಿಸುವ ರೀತಿಯೇ ಬೇರೆ ಬೇರೆ.

ಜಿಎ4 ಎಲ್ಲವನ್ನೂ 'ಈವೆಂಟ್' ಎಂದೇ ನೋಡುತ್ತದೆ. ಪುಟ ತೆರೆದರೂ ಈವೆಂಟ್, ಶೇ. 90ರಷ್ಟು ಕೆಳಗೆ ಸ್ಕ್ರೋಲ್ ಮಾಡಿದರೂ ಈವೆಂಟ್. ಇದರಿಂದ ಒಂದು ಒಳ್ಳೆಯದಾಯಿತು. ನಮ್ಮಲ್ಲಿ ಅಪ್ಪೆಹುಳಿ ಮಾಡುವ ವಿಧಾನದ ಪುಟ ಒಂದಿದೆ. ಜನ ಬರುತ್ತಾರೆ, ಐದು ನಿಮಿಷ ಓದುತ್ತಾರೆ, ಮುಚ್ಚಿ ಅಡುಗೆಗೆ ಹೋಗುತ್ತಾರೆ. ಹಳೆಯ ಲೆಕ್ಕದಲ್ಲಿ ಅವರೆಲ್ಲ 'ಬೌನ್ಸ್', ಅಂದರೆ ಒಂದೇ ಪುಟ ನೋಡಿ ಹೊರಟವರು. ಜಿಎ4ನಲ್ಲಿ 10 ಸೆಕೆಂಡ್‌ಗಿಂತ ಜಾಸ್ತಿ ನಿಂತರೆ, ಎರಡು ಪುಟ ನೋಡಿದರೆ ಅಥವಾ ನಾವು ಮುಖ್ಯ ಅಂತ ಗುರುತು ಹಾಕಿದ ಕೆಲಸ ಮಾಡಿದರೆ ಅದು ಒಳ್ಳೆಯ ಭೇಟಿ. ಇದೇ ಸರಿ, ಅಲ್ವಾ?

ಆದರೆ ಮೆನು ಚಕ್ರವ್ಯೂಹ. ಸಣ್ಣ ಪ್ರಶ್ನೆಗೂ 'ಎಕ್ಸ್‌ಪ್ಲೋರ್' ಒಳಗೆ ಹೋಗಿ ಕೋಷ್ಟಕ ಕಟ್ಟಬೇಕು. ಇನ್ನೊಂದು ಮಾತು, ಇವತ್ತೇ ನೋಡಿಕೊಳ್ಳಿ: ಈ ಎಕ್ಸ್‌ಪ್ಲೋರ್‌ಗೆ ಬೇಕಾದ ಡೇಟಾ ತಾನಾಗಿಯೇ ಉಳಿಯುವುದು 2 ತಿಂಗಳು ಮಾತ್ರ. ಸೆಟ್ಟಿಂಗ್ಸ್‌ನಲ್ಲಿ 14 ತಿಂಗಳು ಮಾಡಬೇಕು. ನಾನು ಮರೆತಿದ್ದೆ. ಯುಗಾದಿಯ ಮಾರಾಟವನ್ನು ಶ್ರಾವಣದಲ್ಲಿ ಬಿಡಿಸಿ ನೋಡಲು ಹೋದರೆ ಖಾಲಿ.

ಇನ್ನೂ ದೊಡ್ಡ ಪೆಟ್ಟು ಯುಪಿಐನದ್ದು. ಅತ್ತಿಗೆಯ ನೋಟ್‌ಬುಕ್ಕಿನಲ್ಲಿ ಇದ್ದಷ್ಟು ಆರ್ಡರ್ ಜಿಎ4ನಲ್ಲಿ ಇರಲೇ ಇಲ್ಲ. ಕೊನೆಗೆ ನಾನೇ ಒಂದು ಡಬ್ಬಿ ಹಪ್ಪಳ ಕೊಂಡು ನೋಡಿದೆ. ಫೋನು ಯುಪಿಐ ಆ್ಯಪ್‌ಗೆ ಹಾರಿತು, ದುಡ್ಡು ಹೋಯ್ತು, ಟಿಂಗ್ ಅಂತು. ನಾನೂ ಎಲ್ಲರ ಹಾಗೆ ಫೋನ್ ಬದಿಗಿಟ್ಟೆ. ನಮ್ಮ 'ಧನ್ಯವಾದ' ಪುಟ ತೆರೆಯಲೇ ಇಲ್ಲ. ಖರೀದಿಯ ಈವೆಂಟನ್ನು ನಾನು ಕಟ್ಟಿದ್ದು ಅದೇ ಪುಟಕ್ಕೆ! ಈಗ ಅದನ್ನು ನಮ್ಮ ಸರ್ವರ್‌ನಿಂದಲೇ ಕಳಿಸುತ್ತೇನೆ. ಇದಕ್ಕಾಗಿಯೇ ಜಿಎ4ನಲ್ಲಿ ಮೆಷರ್‌ಮೆಂಟ್ ಪ್ರೋಟೊಕಾಲ್ ಅಂತ ಒಂದು ದಾರಿ ಇದೆ.

ಮಟೊಮೊ ನನಗೆ ತುಂಬ ಇಷ್ಟವಾಯಿತು. 2018ರವರೆಗೆ ಇದರ ಹೆಸರು ಪಿವಿಕ್. ನಮ್ಮದೇ ಸರ್ವರ್‌ನಲ್ಲಿ ಕೂರಿಸಬಹುದು, ಡೇಟಾ ಹೊರಗೆ ಹೋಗುವುದಿಲ್ಲ. ಒಂದೊಂದು ಭೇಟಿಯ ಹೆಜ್ಜೆಯನ್ನೂ ತೋರಿಸುತ್ತದೆ. ಒಂದು ರಾತ್ರಿ ಯಾರೋ ಹಪ್ಪಳ ನೋಡಿದರು, ಕೊರಿಯರ್ ಚಾರ್ಜ್ ಪುಟಕ್ಕೆ ಹೋದರು, ಮತ್ತೆ ಹಪ್ಪಳ, ಮತ್ತೆ ಕೊರಿಯರ್, ಆಮೇಲೆ ಹೊರಗೆ. ಇಂಥ ಐದಾರು ಸಾಲು ನೋಡಿದ ಮೇಲೆ ಅತ್ತಿಗೆಗೆ ಹೇಳಿದೆ, "ಅತ್ತಿಗೆ, ಬೆಲೆ ಅಲ್ಲ, ಕೊರಿಯರ್ ಹೆದರಿಸ್ತಾ ಇದೆ ನೋಡಿ." ಆದರೆ ನಮ್ಮ ಅಗ್ಗದ ಹೋಸ್ಟಿಂಗ್ ಇದರ ಭಾರಕ್ಕೆ ಏದುಸಿರು ಬಿಡತೊಡಗಿತು. ಅಪ್‌ಡೇಟ್, ಬ್ಯಾಕಪ್ ಎಲ್ಲ ನನ್ನ ತಲೆಗೇ. ಸೀಸನ್ ಮುಗಿದ ಮೇಲೆ ತೆಗೆದೆ.

ಪ್ಲಾಸಿಬಲ್ ಒಂದೇ ಪುಟ. ಕುಕಿ (ಬ್ರೌಸರ್‌ನಲ್ಲಿ ಉಳಿಸುವ ಗುರುತಿನ ಚೀಟಿ) ಇಲ್ಲ, ಸ್ಕ್ರಿಪ್ಟೂ ತೀರಾ ಹಗುರ. ಬಾಡಿಗೆ ಡಾಲರ್‌ನಲ್ಲಿ, ಅದೊಂದು ಕಿರಿಕಿರಿ. ಜನರನ್ನು ಗುರುತಿಸುವ ಲೆಕ್ಕ ದಿನಕ್ಕೊಮ್ಮೆ ಅಳಿಸಿ ಹೋಗುತ್ತದೆ. ಹಾಗಾಗಿ ಸೋಮವಾರ ನೋಡಿ ಗುರುವಾರ ಕೊಂಡವರು ಅದಕ್ಕೆ ಇಬ್ಬರು. ನಮ್ಮ ಗಿರಾಕಿಗಳು ಮನೆಯಲ್ಲಿ ಕೇಳದೆ ಉಪ್ಪಿನಕಾಯಿ ಕೊಳ್ಳುವವರಲ್ಲ. ಈ ಮೂರು ದಿನದ ಕತೆ ಇದರಲ್ಲಿ ಸಿಗುವುದಿಲ್ಲ.

ಮೂರೂ ಒಂದೇ ಥರ ಸೋತದ್ದು ವಾಟ್ಸಾಪ್ ಮುಂದೆ. ಅಲ್ಲಿಂದ ಲಿಂಕ್ ಒತ್ತಿ ಬಂದವರು ಬಹುಪಾಲು 'ಡೈರೆಕ್ಟ್' (ಎಲ್ಲಿಂದ ಬಂದರೋ ಗೊತ್ತಿಲ್ಲದವರು) ಎಂದೇ ಕಾಣುತ್ತಾರೆ. ಸಂಬಂಧಿಕರ ಗುಂಪು, ಊರಿನ ಗುಂಪು, ಎಲ್ಲ ಒಂದೇ ರಾಶಿ. ಗುಂಪಿಗೊಂದು ಯುಟಿಎಂ ಬಾಲ (ಎಲ್ಲಿಂದ ಬಂದರೆಂದು ಹೇಳಲು ಲಿಂಕಿನ ಕೊನೆಗೆ ಸೇರಿಸುವ ಅಕ್ಷರಗಳು) ಹಚ್ಚಿದ ಲಿಂಕ್ ಮಾಡಿಕೊಟ್ಟ ಮೇಲೆ ರಾಶಿ ಬೇರ್ಪಟ್ಟಿತು. (ಯುಟಿಎಂನ 'ಯು' ಅಂದರೆ ಅರ್ಚಿನ್, 2005ರಲ್ಲಿ ಗೂಗಲ್ ಕೊಂಡ ಕಂಪನಿ. ಗೂಗಲ್ ಅನಲಿಟಿಕ್ಸ್ ಹುಟ್ಟಿದ್ದೇ ಅದರಿಂದ.) ಈ ಬಾಲವನ್ನು ಮೂರೂ ಓದುತ್ತವೆ, ಖರ್ಚು ಸೊನ್ನೆ.

ಈಗ ಜಿಎ4 ನನಗೆ, ಗೂಗಲ್ ಜಾಹೀರಾತಿಗೆ ದುಡ್ಡು ಹಾಕುವವರೆಗೂ ಅದನ್ನು ಬಿಡುವ ಹಾಗಿಲ್ಲ. ಪ್ಲಾಸಿಬಲ್ ಅತ್ತಿಗೆಗೆ. ಬೆಳಗಿನ ಚಾ ಜೊತೆ ಅವರೇ ತೆರೆದು ನೋಡುತ್ತಾರೆ. ಮೊನ್ನೆ ಫೋನ್ ಬಂತು: "ಊರಿನ ಗುಂಪಿಂದ ನಿನ್ನೆ ಒಬ್ರೂ ಬಂದಿಲ್ವಲ್ಲೋ, ಲಿಂಕ್ ಸರಿ ಇದ್ಯಾ?" ನೋಡಿದರೆ ಲಿಂಕ್ ಹಾಕಿರಲೇ ಇಲ್ಲ, ಬರೀ ಭರಣಿಯ ಫೋಟೊ ಹಾಕಿದ್ದರು.