ಹೋಂಸ್ಟೇಗೆ ಬಂದವರ ವಿವರ: ಪುಸ್ತಕವೋ, ವಾಟ್ಸಾಪೋ, ಫಾರ್ಮೋ?

ಶಿರಸಿ ಹತ್ತಿರ ನಮ್ಮದೊಂದು ತೋಟದ ಮನೆ. ಎರಡು ರೂಮು ಹೋಂಸ್ಟೇಗೆ ಬಿಟ್ಟಿದ್ದೇವೆ. ಯಾಣ, ಸಹಸ್ರಲಿಂಗ ನೋಡಲು ಬಂದವರು ಒಂದು ರಾತ್ರಿ ಉಳಿದು ಹೋಗುತ್ತಾರೆ. ಯಾರು ಬಂದರು, ಯಾವ ಊರು, ಫೋನ್ ನಂಬರ್ ಏನು, ಇಷ್ಟು ನಮ್ಮ ಹತ್ತಿರ ಇರಲೇಬೇಕು. ಅದನ್ನು ಇಟ್ಟುಕೊಳ್ಳಲು ಮೂರು ದಾರಿ ಹಿಡಿದು ನೋಡಿದೆ.

ಮೊದಲು ಪುಸ್ತಕ. ಜಗಲಿಯ ಮೇಜಿನ ಮೇಲೆ ಉದ್ದನೆಯ ರಿಜಿಸ್ಟರ್, ದಾರ ಕಟ್ಟಿದ ಪೆನ್ನು. ಕರೆಂಟ್ ಬೇಡ, ನೆಟ್‌ವರ್ಕ್ ಬೇಡ. ಮಳೆಗಾಲದಲ್ಲಿ ನಮ್ಮಲ್ಲಿ ಎರಡೂ ಇರೋದು ಅಷ್ಟಕ್ಕಷ್ಟೇ. ಆದರೆ ಬರೆಯಲು ಕೂತವರು ಮೇಲಿನ ಹತ್ತು ಸಾಲನ್ನೂ ಓದುತ್ತಾರೆ. "ಓ, ನಮ್ಮ ಹುಬ್ಬಳ್ಳಿಯವರೂ ಬಂದಿದ್ರಾ?" ಅಂತ ಶುರು. ಒಬ್ಬ ಮಹಾಶಯ ಹಿಂದಿನ ವಾರ ಬಂದಿದ್ದ ಹುಡುಗಿಯ ನಂಬರ್ ನೋಡಿಕೊಂಡು ರಾತ್ರಿ ಮೆಸೇಜ್ ಕಳಿಸಿದ. ಅವಳು ನನಗೇ ಫೋನ್ ಮಾಡಿ, ನನ್ನ ನಂಬರ್ ಯಾರಿಗೆ ಕೊಟ್ಟಿರಿ ಅಂತ ಕೇಳಿದಳು. ಕೊಟ್ಟಿಲ್ಲ ಅಂದೆ. ಜಗಲಿಯಲ್ಲಿ ತೆರೆದಿಟ್ಟರೆ ಕೊಟ್ಟ ಹಾಗೇ ಅಲ್ವಾ?

ಆಮೇಲೆ ವಾಟ್ಸಾಪ್. ಆಧಾರ್ ಫೋಟೊ ಕಳಿಸಿ ಅಂದರೆ ಆಯಿತು, ಯಾರೂ ಯಾಕೆ ಅಂತಲೂ ಕೇಳುವುದಿಲ್ಲ. ಮೂರರಲ್ಲಿ ಇದೇ ಕೆಟ್ಟದ್ದು. ಅಡಿಕೆಗೆ ಕೊಳೆ ಬಂದಾಗ ಗೊನೆಯ ಫೋಟೊ ತೆಗೆದುಕೊಂಡು ಔಷಧಿ ಅಂಗಡಿಗೆ ಹೋಗಿದ್ದೆ. ಅಂಗಡಿಯವರು ಫೋನ್ ಕೈಗೆ ತಗೊಂಡು, ಇನ್ನೊಂದಿದೆಯಾ ಅಂತ ಬೆರಳು ಸರಿಸಿದರು. ಬಂದಿದ್ದು ಬೆಂಗಳೂರಿನ ಯಾರೋ ಹೆಂಗಸಿನ ಆಧಾರ್. ಮುಖ, ಹುಟ್ಟಿದ ತಾರೀಕು, 12 ಅಂಕಿ, ಎಲ್ಲ. "ಇದಕ್ಕೂ ಕೊಳೆನಾ ಭಟ್ರೇ?" ಅಂದರು. ಮನೆಗೆ ಬಂದು ನೋಡಿದರೆ ಗ್ಯಾಲರಿಯಲ್ಲಿ ಅಂಥವು ರಾಶಿ ರಾಶಿ, ಅದೇ ಖಾತೆ ಹಾಕಿದ್ದ ಮಗನ ಟ್ಯಾಬ್‌ನಲ್ಲೂ ಅಷ್ಟೂ ಬ್ಯಾಕಪ್ ಆಗಿ ಕೂತಿದ್ದವು. ಫೋಟೊ ಗ್ಯಾಲರಿಗೆ ಹೋಗದಂತೆ ಮಾಡಬಹುದು, ಮೆಸೇಜ್ 24 ಗಂಟೆ, 7 ದಿನ ಅಥವಾ 90 ದಿನಕ್ಕೆ ತಾನೇ ಅಳಿಯುವಂತೆಯೂ ಇಡಬಹುದು. ಎರಡೂ ಮಾಡಿದೆ. ಅಷ್ಟರಲ್ಲಿ ಆಯಿಯ ಫೋನಿಗೆ ಬುಕಿಂಗ್ ಬರತೊಡಗಿತು, ಅಲ್ಲಿ ಮತ್ತೆ ಅದೇ ಕಥೆ.

ಗೂಗಲ್ ಫಾರ್ಮ್ ನೋಡಲು ಅಚ್ಚುಕಟ್ಟು. ಒಬ್ಬರದ್ದು ಇನ್ನೊಬ್ಬರಿಗೆ ಕಾಣುವುದಿಲ್ಲ, ಉತ್ತರಗಳ ಸಾರಾಂಶ ತೋರಿಸುವ ಆಯ್ಕೆಯನ್ನು ಆನ್ ಮಾಡದಿದ್ದರೆ. ಫೈಲ್ ಹಾಕಬೇಕೆಂದರೆ ಗೂಗಲ್ ಖಾತೆಗೆ ಲಾಗಿನ್ ಆಗಬೇಕು. ದೇವಿಮನೆ ಘಟ್ಟದ ತಿರುವು ದಾಟಿ ತಲೆ ತಿರುಗಿ ಬಂದವರಿಗೆ ಪಾಸ್‌ವರ್ಡ್ ನೆನಪು ಮಾಡಿಕೊಳ್ಳಿ ಅಂದರೆ ಬೈಯದೆ ಇರುತ್ತಾರಾ? ನನ್ನ ತಪ್ಪೂ ಇದೆ. ಹೊಸ ಪ್ರಶ್ನೆ ಸೇರಿಸಲು ದುಡ್ಡೇನೂ ಬೀಳುವುದಿಲ್ಲವಲ್ಲ, ಇಮೇಲ್, ಕೆಲಸ, ಮದುವೆಯಾದ ದಿನ ಅಂತ ಕೇಳುತ್ತಾ ಹೋದೆ. ಯಾಕೆ? ಸುಮ್ನೆ. ಒಂದನ್ನೂ ತಿರುಗಿ ನೋಡಿಲ್ಲ.

ಈಗ ಮತ್ತೆ ಕಾಗದಕ್ಕೇ ಬಂದಿದ್ದೇವೆ, ಆದರೆ ಒಂದು ಕುಟುಂಬಕ್ಕೆ ಒಂದೇ ಹಾಳೆ. ಬರೆದ ಕೂಡಲೇ ಒಳಗಿನ ಕಪಾಟಿಗೆ. ಗುರುತಿನ ಚೀಟಿ ನೋಡಿ ಕೈಗೇ ವಾಪಸ್ ಕೊಡುತ್ತೇವೆ. ಪ್ರತಿ ಬೇಕೇ ಬೇಕು ಅಂದಾಗ ಕೊನೆಯ 4 ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಸಾಕು. ವಿದೇಶಿಯರು ಬಂದರೆ ಮಾತ್ರ ಈ ಸಲೀಸು ಇಲ್ಲ, 24 ಗಂಟೆಯೊಳಗೆ ಪಾಸ್‌ಪೋರ್ಟ್ ವಿವರ ಆನ್‌ಲೈನ್‌ನಲ್ಲಿ ಸರ್ಕಾರಕ್ಕೆ ತಿಳಿಸಲೇಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ನೋಡಿದರೂ ನನಗೆ ಕಾಗದವೇ ವಾಸಿ ಅನ್ನಿಸಿತು. ಡಿಜಿಟಲ್ ಆಗದೆ ಕಪಾಟಿನಲ್ಲೇ ಇರುವ ಹಾಳೆಗೆ ಅದು ತಾಗುವುದಿಲ್ಲ, ಅದೇ ಹಾಳೆಯ ಫೋಟೊ ಫೋನಿಗೆ ಬಂದರೆ ಕಥೆ ಬೇರೆ.

ಬಂದವರ ಗುರುತಿನ ಚೀಟಿಗಳ ಹಳೆಯ ಜೆರಾಕ್ಸ್ ಕಟ್ಟನ್ನು ಆಯಿ ಬಚ್ಚಲ ಒಲೆಗೆ ಹಾಕಿದಳು. ನಾಲ್ಕು ದಿನ ಸ್ನಾನದ ನೀರು ಅದರಲ್ಲೇ ಕಾಯಿತು.